ಕರಿಗಾಜಿನ ಈಚೆ

ಪಕ್ಕದ ಗಾಜಿನಲ್ಲಿ ನೂರಕ್ಕೆ ಐವತ್ತರಷ್ಟಾದರೂ ಬೆಳಕು ಹಾಯಬೇಕು, ಮುಂದಿನದರಲ್ಲಿ ಹಿಂದಿನದರಲ್ಲಿ ಎಪ್ಪತ್ತರಷ್ಟು, ಮೇಲಿನಿಂದ ಕರಿ ಫಿಲ್ಮು ಅಂಟಿಸುವುದಂತೂ ಕೂಡದೇ ಕೂಡದು ಎಂದು ಹೇಳಿ ಮುಗಿಸುವಷ್ಟರಲ್ಲಿ ನಂದನನ ಬಾಯಿ ಒಣಗಿತ್ತು. ಶಿರಸಿಯಲ್ಲಿ ಡ್ರೈವಿಂಗ್ ಸ್ಕೂಲು ನಡೆಸುವ ಅವನು ಪ್ರತಿ ಮಂಗಳವಾರ ಯಲ್ಲಾಪುರಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಲೈಸೆನ್ಸಿನ ಪರೀಕ್ಷೆಗೆ ಪಾಠ ಮಾಡುತ್ತಿದ್ದ. ಬೇರೆ ನಿಯಮಗಳನ್ನೆಲ್ಲ ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಈ ಗಾಜಿನದೊಂದು ಬಂದಾಗ ಮಾತ್ರ ಸೀಮೆಸುಣ್ಣ ಕೈಯಿಂದ ಜಾರುತ್ತದೆ, ಹಲಗೆಗೆ ಮುಖ ಮಾಡಿಯೇ ಅಷ್ಟನ್ನೂ ಹೇಳಿ ಬಿಡುತ್ತಾನೆ. ಇವತ್ತು ಬೆನ್ನ ಹಿಂದಿನಿಂದ ಶಿಲ್ಪಾ ಎಂಬ ಹುಡುಗಿ, ಬೇಕೆಂದೇ ಕೇಳಿದಳೋ ತಿಳಿಯದೆ ಕೇಳಿದಳೋ, "ಸರ್, ಕೆಳಗೆ ನಿಂತಿದ್ಯಲ್ಲ ಆ ಬಿಳಿ ಗಾಡಿ, ಅದು ನಿಮ್ದೇ ಅಲ್ವಾ? ಅದ್ರ ಗಾಜು ಎಷ್ಟು ಪರ್ಸೆಂಟು?" ಅಂದಳು. ಅವನು ತಿರುಗದೆಯೇ, "ಅದು ಕಂಪನಿಯಿಂದ್ಲೇ ಹಂಗೆ ಬಂದದ್ದು" ಅಂದ. ಕಿಟಕಿಯ ಹತ್ತಿರ ಕೂತಿದ್ದವನೊಬ್ಬ ಕೆಳಗೆ ಬಗ್ಗಿ ನೋಡಿ, "ಕಂಪನಿ ಗಾಜು ಮೂಲೇಲಿ ಸುಲೀತದಾ ಸರ್?" ಅಂದ. ಕೋಣೆಯೆಲ್ಲ ನಕ್ಕಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಅವರೆಲ್ಲ ಮನೆಗೆ ಹೋಗಿ ಆಡಿಕೊಳ್ಳುವುದು ಅವನಿಗೆ ಆಗಲೇ ಕೇಳಿಸಿತು. ನಕ್ಕಂತೆ ಮಾಡಿ ಮುಂದಿನ ಪಾಠಕ್ಕೆ ಹೋದ. ಮುಂದಿನ ಪಾಠ ಯಾವುದೆಂದು ಕೊಂಚ ಹೊತ್ತು ನೆನಪಾಗಲಿಲ್ಲ.

ಮೆಟ್ಟಿಲಿಳಿದು ಬಂದು ನೋಡಿದರೆ ಹೌದು, ಎಡಗಡೆ ಹಿಂದಿನ ಗಾಜಿನ ಮೂಲೆಯಲ್ಲಿ ಫಿಲ್ಮು ಬಾಳೆಸಿಪ್ಪೆಯ ಹಾಗೆ ಎದ್ದಿತ್ತು. ಹೆಬ್ಬೆರಳಿಂದ ಒತ್ತಿ ಕೂರಿಸಲು ನೋಡಿದ, ಕೂರಲಿಲ್ಲ. ಇದನ್ನು ಶಿರಸಿಯಲ್ಲಿ ಹಾಕಿಸಿರಲಿಲ್ಲ ಅವನು. ಅಲ್ಲಿ ಅಂಗಡಿಯವರೆಲ್ಲ ಗುರುತಿನವರು, 'ಸರ್, ನೀವೇನಾ' ಅನ್ನುತ್ತಿದ್ದರು. ಹುಬ್ಬಳ್ಳಿಯ ಯಾವುದೋ ಸಂದಿಯಲ್ಲಿ, ಹೆಸರು ಹೇಳದೆ ಹಾಕಿಸಿದ್ದು. ಎಷ್ಟು ಡಾರ್ಕ್ ಬೇಕ್ರಿ ಎಂದು ಅಂಗಡಿಯವನು ಕೇಳಿದಾಗ, ಹೊರಗಿನವರಿಗೆ ಏನೂ ಕಾಣಬಾರದು ಅಂದಿದ್ದ. ಹಾಕಿ ಮುಗಿಸಿದ ಮೇಲೆ ಆ ಮನುಷ್ಯನನ್ನೇ ಒಳಗೆ ಕೂರಿಸಿ, ತಾನು ಹೊರಗೆ ನಿಂತು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ್ದ. ಒಳಗಿದ್ದವನು ಕಾಣಲಿಲ್ಲ. ತನ್ನದೇ ಮುಖ ಕಂಡಿತು, ಬೆವರಿದ್ದು, ತುಸು ಕಳ್ಳಕಳೆ ಬಂದದ್ದು. ಇಷ್ಟು ಸಾಕು ಅಂದುಕೊಂಡಿದ್ದ. ಮನೆಯಲ್ಲಿ ಹೆಂಡತಿ ರೋಹಿಣಿಗೆ ಬಿಸಿಲಿನ ನೆಪ ಹೇಳಿದ. "ಎಂತಾ ಬಿಸ್ಲು? ಆ ಗಾಡಿಲಿ ಕೂತ್ರೆ ಮಟಮಟ ಮಧ್ಯಾಹ್ನಾನೂ ದೀಪ ಹಚ್ಚಬೇಕು ಅನ್ನಿಸ್ತದೆ. ನನ್ನ ತವರಿನವರು ಕೇಳ್ತ್ರು, ನಿನ್ನ ಗಂಡ ಎಂತಾದ್ರೂ ಕಳ್ಳಸಾಗಣೆ ಶುರು ಮಾಡಿದ್ನಾ ಹೇಳಿ" ಎಂದು ಇವತ್ತು ಬೆಳಿಗ್ಗೆ ಕೂಡ ಅಂದಿದ್ದಳು, ರೊಟ್ಟಿ ಕಟ್ಟಿಕೊಡುತ್ತ. ಅವಳ ದನಿಯಲ್ಲಿ ನಗೆಯಿತ್ತು, ನಗೆಯ ಕೆಳಗೆ ಇನ್ನೊಂದಿತ್ತು. ಮಂಗಳವಾರ ಮಾತ್ರ ಗಂಡ ಯಾಕೆ ತಡವಾಗಿ ಬರುತ್ತಾನೆ, ಬಂದವನು ಯಾಕೆ ಮಾತಾಡದೆ ಮಲಗುತ್ತಾನೆ ಎಂದು ಅವಳು ಲೆಕ್ಕ ಹಾಕುತ್ತಿದ್ದಾಳೆ. ಬೇರೆ ಹೆಂಗಸು ಇದ್ದಾಳೆ ಅಂತಲೇ ಅಂದುಕೊಂಡಿದ್ದಾಳೆ. ಅದು ಸುಳ್ಳೂ ಅಲ್ಲವಲ್ಲ ಎಂದು ಅವನಿಗೆ ನಗು ಬಂತು. ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ರೋಹಿಣಿ ಸುಮ್ಮನಿರುವವಳಲ್ಲ, ಮಾರನೆಯ ದಿನವೇ ಬಸ್ಸು ಹತ್ತಿ ಹೋಗಿ, ಅತ್ತು ಕರೆದು, ಎಲ್ಲವನ್ನೂ ತನ್ನ ರೀತಿಯಲ್ಲಿ ಸರಿಮಾಡಲು ಕೂರುತ್ತಾಳೆ. ಸರಿಹೋಗುವುದು ಅವನಿಗೆ ಬೇಕೋ ಬೇಡವೋ ಅವನಿಗೇ ತಿಳಿಯದು. ನೋಡುವುದು ಮಾತ್ರ ಬೇಕು.

ಶಿರಸಿಯ ದಾರಿ ಹಿಡಿಯಬೇಕಾದವನು ಎಂದಿನಂತೆ ಅಂಕೋಲೆಯ ಕಡೆ ತಿರುಗಿಸಿದ. ಎದುರಿಂದ ಅದಿರಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಪ್ರತಿ ಲಾರಿ ಹಾದಾಗಲೂ ಗಾಡಿ ಒಂದು ಗೇಣು ಪಕ್ಕಕ್ಕೆ ಎಳೆದಂತಾಗುತ್ತಿತ್ತು. ಇಡಗುಂದಿಯ ತಿರುವಿನಲ್ಲಿ ಅಕ್ಕನ ಚಾ ಅಂಗಡಿ. ಅಕ್ಕ ಅಂದರೆ ದುರ್ಗಮ್ಮ. ಗದ್ದೆಗೆ ಹೋಗುವಾಗ ಅವನನ್ನು ಸೊಂಟದಲ್ಲೇ ಹೊತ್ತುಕೊಂಡು ಹೋಗಿ, ಸಸಿ ನೆಡುವಾಗ ಅಡಿಕೆ ಹಾಳೆಯ ಮೇಲೆ ಕೂರಿಸಿ, ಅತ್ತರೆ ಕೆಸರುಗೈಯಲ್ಲೇ ಬಂದು ಎತ್ತಿಕೊಂಡವಳು. ಅವಳ ಗಂಡ ತೀರಿದ ಮೇಲೆ ಸಿದ್ದಾಪುರದ ಕಡೆಯ ನಿಲ್ಕುಂದಕ್ಕೆ, ತವರಿಗೆ, ಬಂದು ಅವ್ವನನ್ನು ನೋಡಿಕೊಂಡಿದ್ದಳು. ಅವ್ವನೂ ಹೋದ ಮೇಲೆ ಅಲ್ಲಿ ಇರಲಾರೆ ಎಂದು ತಿರುಗಿ ಇಡಗುಂದಿಗೆ ಬಂದು, ಗಂಡನ ಪಾಲಿನ ಜಾಗದಲ್ಲಿ ರಸ್ತೆಗೆ ಮುಖ ಮಾಡಿ ಈ ಅಂಗಡಿ ಇಟ್ಟುಕೊಂಡಿದ್ದಳು. ಅವಳು ಇಲ್ಲಿಗೆ ಬಂದದ್ದನ್ನು ಅವನಿಗೆ ಹೇಳಿದ್ದು ನಿಲ್ಕುಂದದ ಪಕ್ಕದ ಮನೆಯ ಪಾರ್ವತವ್ವ. ಅಕ್ಕ ಹೇಳುವ ಪ್ರಶ್ನೆಯೇ ಇಲ್ಲ. ಅಕ್ಕ ಊರದೇವತೆ ಚೌಡಿಯ ಕಲ್ಲು ಮುಟ್ಟಿ ಆಣೆ ಹಾಕಿದ್ದಳು, ತಮ್ಮನ ಮುಖ ನೋಡುವುದಿಲ್ಲ, ನೋಡಿದರೆ ತನ್ನ ಕಣ್ಣು ಹೋಗಲಿ ಎಂದು.

ಆಣೆಯಲ್ಲಿ ಇದ್ದದ್ದು ಅಷ್ಟೇ, ಅವಳು ನೋಡಬಾರದು. ಅವನು ನೋಡಬಾರದೆಂದು ಚೌಡಿಯ ಮುಂದೆ ಯಾರೂ ಹೇಳಿಲ್ಲ. ಈ ಸಂದನ್ನು ಅವನು ತುಂಬ ದಿನ ಯೋಚಿಸಿ ಕಂಡುಹಿಡಿದಿದ್ದ. ಆಣೆ ಬಿಡಿಸಲು ದಾರಿಯಿಲ್ಲವೇ ಎಂದು ದೇವರು ಮೈಮೇಲೆ ಬರುವ ಪಾತ್ರಿಯನ್ನು ಕೇಳಿದ್ದ. ಇಬ್ಬರೂ ಕಲ್ಲಿನೆದುರು ಒಟ್ಟಿಗೆ ನಿಂತು ತಪ್ಪುಕಾಣಿಕೆ ಇಡಬೇಕು ಅಂದಿದ್ದ ಅವನು. ಪಾರ್ವತವ್ವನ ಕೈಲಿ ಹೇಳಿಕಳಿಸಿದ್ದಕ್ಕೆ ಅಕ್ಕನಿಂದ ಬಂದ ಉತ್ತರ, "ನಂಗೆ ಕಣ್ಣು ಇನ್ನೂ ಬೇಕು ಹೇಳಿ ಹೇಳು." ಅವನಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಗಾಡಿಗೆ ನಿಂಬೆಹಣ್ಣು ಕಟ್ಟಬೇಡಿ, ಬ್ರೇಕು ನೋಡಿಕೊಳ್ಳಿ ಎಂದು ಪಾಠ ಮಾಡುವವನು. ಆದರೂ ಅಕ್ಕನ ಕಣ್ಣು ಎಂದೊಡನೆ ಎದೆ ಚುರುಕ್ ಅನ್ನುತ್ತದೆ. ಅವಳಿಗೆ ನಾಳೆ ವಯಸ್ಸಿನಿಂದಲೇ ಪೊರೆ ಬಂದರೂ ತನ್ನ ಮುಖವೇ ಕಾರಣವಾಯಿತು ಎಂದು ಊರು ಹೇಳುತ್ತದೆ, ಊರಿಗಿಂತ ಮೊದಲು ತಾನೇ ಹೇಳಿಕೊಳ್ಳುತ್ತಾನೆ. ನಂಬದವನಿಗೂ ಹೆದರಿಕೆ ಬಿಡುವುದಿಲ್ಲ ಅಂದರೆ ಇದೇ ಇರಬೇಕು. ಹಾಗಾಗಿ ಕರಿಗಾಜು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಬುದ್ಧಿ ಎಂದು ತನ್ನನ್ನೇ ಹಳಿದುಕೊಳ್ಳುತ್ತ ಅವನು ವಾರವಾರ ಬಂದ.

ಅಂಗಡಿಯ ಎದುರಿಗೆ, ರಸ್ತೆಯ ಈಚೆ, ನೇರಳೆ ಮರದ ಕೆಳಗೆ ಗಾಡಿ ನಿಲ್ಲಿಸಿದ. ಮುಂದಿನ ಗಾಜಿಗೆ ಫಿಲ್ಮು ಹಾಕುವ ಧೈರ್ಯ ಹುಬ್ಬಳ್ಳಿಯವನಿಗೂ ಇರಲಿಲ್ಲ. ಹಾಗಾಗಿ ಮುಂದೆ ಕೂತರೆ ಕಾಣುತ್ತದೆ. ಎರಡು ಸೀಟಿನ ನಡುವೆ ತೂರಿಕೊಂಡು, ಮೊಣಕಾಲು ಗೇರಿಗೆ ಬಡಿಸಿಕೊಂಡು, ಹಿಂದಿನ ಸೀಟಿಗೆ ಹೋಗುವುದು ಅವನ ಪದ್ಧತಿ. ಹೊಟ್ಟೆ ಬಂದ ಮೇಲೆ ಅದು ಸುಲಭವಲ್ಲ. ಒಮ್ಮೆ ಪ್ಯಾಂಟಿನ ಹೊಲಿಗೆ ಬಿಟ್ಟಿತ್ತು. ಎಷ್ಟೋ ಜನಕ್ಕೆ ಗಾಡಿ ಕಲಿಸಿದ ತಾನು ಕಳ್ಳನ ಹಾಗೆ ತನ್ನದೇ ಗಾಡಿಯ ಹಿಂದೆ ಮುದುಡಿ ಕೂರುವುದು ನೆನೆದರೆ ಮೈಯೆಲ್ಲ ಬಿಸಿಯಾಗುತ್ತದೆ. ಆದರೆ ಕೂತ ಮೇಲೆ, ಗಾಜಿನ ಆಚೆ, ಹೊತ್ತು ಮುಳುಗುವ ಹೊತ್ತಿನ ಬಣ್ಣದಲ್ಲಿ ಅಕ್ಕ ಕಾಣುತ್ತಾಳೆ. ಚಾ ಎತ್ತಿ ಹೊಯ್ಯುತ್ತಾಳೆ, ಭಜ್ಜಿಯ ಬಾಣಲೆಯ ಮೇಲೆ ಬಗ್ಗುತ್ತಾಳೆ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾಳೆ. ಅವನು ರೊಟ್ಟಿಯ ಗಂಟು ಬಿಚ್ಚಿ ತಿನ್ನುತ್ತ ನೋಡುತ್ತಾನೆ. ಅವಳು ಬೇರೆಯವರಿಗೆ ಬಡಿಸುತ್ತಿರುವಾಗ ತಾನೂ ಉಣ್ಣುವುದರಲ್ಲಿ ಅವನಿಗೊಂದು ಸಮಾಧಾನ.

ಮೊದಮೊದಲು ಅಕ್ಕ ಈ ಕಡೆ ನೋಡುತ್ತಿದ್ದಳು. ಒಂದು ಸಲ ಗಾಡಿಯ ಕಡೆ ಕೈ ಎತ್ತಿ, ಚಾ ಬೇಕೇ ಎಂದು ಸನ್ನೆ ಮಾಡಿದ್ದಳು. ಅವಳು ಕೇಳಿದ್ದು ಗಾಡಿಯನ್ನು. ಒಳಗೆ ಅವನ ಗಂಟಲಲ್ಲಿ ರೊಟ್ಟಿ ಸಿಕ್ಕಿಕೊಂಡು ಕೆಮ್ಮು ಬಂದು, ಕೆಮ್ಮು ಕೇಳಿಸೀತೆಂದು ಬಾಯಿಗೆ ಕೈ ಒತ್ತಿ ಕೂತಿದ್ದ. ಆಮೇಲೆ ಅವಳು ನೋಡುವುದು ಬಿಟ್ಟಳು. ನೋಡುವುದೇ ಇಲ್ಲ ಅನ್ನುವಷ್ಟು ಬಿಟ್ಟಳು, ಮುಖ ಆ ಕಡೆ ಹಾಕಿಕೊಂಡೇ ಕೆಲಸ ಮಾಡಿದಳು. ರೂಢಿಯಾಯಿತು ಅಂದುಕೊಂಡ ಅವನು. ಮಳೆಗಾಲ ಕಳೆದ ಮೇಲೆ ಮಂಗಳವಾರ ಮಂಗಳವಾರ ದಪ್ಪನೆಯ ಒಬ್ಬ ಹೆಂಗಸು ಬಂದು ಅವಳ ಜೊತೆ ಕೂರತೊಡಗಿದಳು. ಅಕ್ಕ ಅವಳನ್ನು ಶಾರದವ್ವ ಎಂದು ಕರೆಯುವುದು ಕೇಳಿಸಿತ್ತು. ಅಕ್ಕನಿಗೆ ಜೊತೆ ಸಿಕ್ಕಿತಲ್ಲ ಎಂದು ಅವನಿಗೆ ಖುಷಿಯಾಗಿ ಅವತ್ತು ಮನೆಗೆ ಸಿಹಿ ಕೂಡ ಒಯ್ದಿದ್ದ. ಚಾದ ಒಲೆಯ ಪಕ್ಕ ಕತ್ತಿಯೊಂದು ಬಂದು ನಿಂತಿತ್ತು. ಕಟ್ಟಿಗೆ ಸೀಳಲಿಕ್ಕೆ ಅಂದುಕೊಂಡ.

ಇವತ್ತು ಅಕ್ಕ ಅಂಗಡಿಯಲ್ಲಿ ಕಾಣಲಿಲ್ಲ. ಒಲೆ ಉರಿಯುತ್ತಿತ್ತು, ಬೆಂಚು ಖಾಲಿಯಿತ್ತು. ಅವನಿಗೆ ಗಾಬರಿಯಾಯಿತು. ಹುಷಾರಿಲ್ಲವೇನೋ, ಯಾರನ್ನು ಕೇಳುವುದು, ಕೇಳಲಾದರೂ ಯಾವ ಬಾಯಿಂದ. ಹುಷಾರಿಲ್ಲ ಅನ್ನುವ ಮಾತೇ ಅವನಿಗೆ ಆಗುವುದಿಲ್ಲ. ಅವ್ವ ತೀರಿದ ದಿನ ಬೆಳಿಗ್ಗೆ ಅಕ್ಕ ಫೋನು ಮಾಡಿ, "ಅವ್ವಂಗೆ ಉಸ್ರು ಹಿಡೀತದೆ. ಗಾಡಿ ತಗಂಡು ಬಾರೋ" ಅಂದಿದ್ದಳು. ಶಿರಸಿಯ ಮೈದಾನದಲ್ಲಿ ಹುಡುಗರು ಟೆಸ್ಟಿಗೆ ಸಾಲಾಗಿ ನಿಂತಿದ್ದರು. ಮಧ್ಯಾಹ್ನ ಬರ್ತೆ ಅಂದ. ಮಧ್ಯಾಹ್ನ ಇನ್ಸ್‌ಪೆಕ್ಟರು ಊಟಕ್ಕೆ ಹೋದವರು ತಡವಾಗಿ ಬಂದರು, ಸಂಜೆಗೆ ಬರ್ತೆ ಅಂದ. ಸಂಜೆ ಅವನಿಗೆ ಸುಸ್ತಾಗಿತ್ತು. ಅಷ್ಟೇ, ಸುಸ್ತಾಗಿತ್ತು. ಅವ್ವನ ಉಸಿರು ವರ್ಷಕ್ಕೊಮ್ಮೆ ಹಿಡಿಯುವುದು ಇದ್ದದ್ದೇ. ಮರುದಿನ ಬೆಳಿಗ್ಗೆ ಹೋದರೆ, ಜಗುಲಿಯಲ್ಲಿ ಅವ್ವ ಕಾದು ಕೂತಿದ್ದ ಕುರ್ಚಿಯ ಪಕ್ಕ ಅವಳನ್ನು ನೆಲದ ಮೇಲೆ ಮಲಗಿಸಿದ್ದರು. ಆಸ್ಪತ್ರೆಗೆಂದು ಉಟ್ಟ ಒಳ್ಳೆಯ ಸೀರೆ, ಬಾಚಿ ಕಟ್ಟಿದ ತಲೆ. ಹನ್ನೆರಡರ ಊಟದ ದಿನ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿರುವಾಗ, ಯಾರೋ ಒಬ್ಬರು ಆಸ್ಪತ್ರೆಗೆ ಒಯ್ದಿದ್ದರೆ ಉಳೀತಿದ್ಳೇನ ಎಂದು ಗೊಣಗಿದರು. ತನಗೇ ಅಂದರೆಂದು ತಿಳಿದು ಅವನು ಹೆಗಲು ಮುಟ್ಟಿ ನೋಡಿಕೊಂಡ. "ಬೇರೆ ಗಾಡಿ ಮಾಡ್ಕಂಡು ಹೋಗೂಕೆ ಇವ್ಳಿಗೆ ಎಂತಾಗಿತ್ತು? ಹೊರೆ ಇಳೀಲಿ ಹೇಳಿ ಕಾದು ಕೂತಿದ್ಲು" ಎಂದು ಅಕ್ಕನ ಕಡೆ ಬೆರಳು ಮಾಡಿ, ಎಲ್ಲರಿಗೂ ಕೇಳುವಂತೆ ಅಂದುಬಿಟ್ಟ. ಅಕ್ಕ ಬಡಿಸುತ್ತಿದ್ದ ಅನ್ನದ ಪಾತ್ರೆಯನ್ನು ಅಲ್ಲೇ ಇಟ್ಟಳು. ಕೈ ತೊಳೆಯದೆ ಅಂಗಳ ದಾಟಿ ಚೌಡಿಯ ಕಲ್ಲಿನ ತನಕ ನಡೆದಳು. ಅನ್ನದ ಅಗುಳು ಅಂಟಿದ ಕೈಯನ್ನೇ ಕಲ್ಲಿನ ಮೇಲಿಟ್ಟಳು. ಬೇರೆ ಗಾಡಿ ಬೇಡವೆಂದದ್ದು ಅವ್ವನೇ, ಮಗನ ಗಾಡಿ ಇರುವಾಗ ಮಂದಿಯ ಗಾಡಿ ಯಾಕೆ ಎಂದು ಹಟ ಹಿಡಿದದ್ದು ಅವ್ವನೇ ಎಂದು ಪಾರ್ವತವ್ವ ಹೇಳಿದ್ದು ಆಮೇಲೆ. ಕುರ್ಚಿಯಲ್ಲಿ ಕೂತ ಅವ್ವ ಕಡೆಗೆ ಏನಂದಳು, ಬೈದಳೋ, ಶಪಿಸಿದಳೋ, ಅದು ಪಾರ್ವತವ್ವನಿಗೂ ಗೊತ್ತಿಲ್ಲ. ಗೊತ್ತಿರುವವಳು ಅಕ್ಕ ಒಬ್ಬಳೇ. ನಿದ್ದೆಯಿಂದ ಎಬ್ಬಿಸಿ ಕೂರಿಸುವುದು ಅವನನ್ನು ಅದೊಂದೇ.

ಗಾಜಿನ ಮೇಲೆ ಟಪಟಪ ಬಡಿದ ಸದ್ದಾಯಿತು. ಪೊಲೀಸು. ಹಿಂದೆ ಜೀಪು ಬಂದು ನಿಂತದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. "ಏನ್ರೀ, ಒಳಗ ಯಾರದೀರಿ? ಗಾಜ ಇಳಸ್ರಿ." ಎದೆಯ ಮೇಲಿನ ಪಟ್ಟಿಯಲ್ಲಿ ಮಧುಕೇಶ್ವರ ಎಂದಿತ್ತು. ಬನವಾಸಿ ಕಡೆಯವನಿರಬೇಕು, ತನಗಿಂತ ಚಿಕ್ಕವನು, ಕಣ್ಣಿಗೆ ಅಂಗೈ ಮರೆ ಮಾಡಿ ಗಾಜಿಗೆ ಒರಗಿ ನೋಡುತ್ತಿದ್ದ, ಏನೂ ಕಾಣುತ್ತಿರಲಿಲ್ಲ ಅವನಿಗೆ. ದಂಡ ಕಟ್ಟಿದರಾಯಿತು, ಸುಲಿಯುವುದಾದರೆ ಸುಲಿಯಲಿ, ಆದರೆ ಇಲ್ಲಿ ಅಲ್ಲ, ಇನ್ನೊಂದು ಫರ್ಲಾಂಗು ಮುಂದೆ ಎಂದು ನಂದನ ಲೆಕ್ಕ ಹಾಕುತ್ತಿರುವಾಗಲೇ ಕಾನ್‌ಸ್ಟೇಬಲನ ಬೆನ್ನ ಹಿಂದೆ ಅಕ್ಕ ಬಂದು ನಿಂತಳು. ಇಷ್ಟು ಹತ್ತಿರ ಅವಳನ್ನು ನೋಡಿ ವರ್ಷಗಳಾಗಿದ್ದವು. ಕಿವಿಯ ಹತ್ತಿರದ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಶಾರದವ್ವನ ತೋಳು ಹಿಡಿದುಕೊಂಡಿದ್ದಳು.

"ಇದೇ ಗಾಡಿ ಸಾಯ್ಬ್ರೆ" ಅಂದಳು ಅಕ್ಕ. ಗಾಜಿನ ಮೂಲಕ ದನಿ ದೂರದಿಂದ ಬಂದ ಹಾಗೆ ಕೇಳಿಸಿತು. "ಪ್ರತಿ ಮಂಗ್ಳವಾರ ಬತ್ತದೆ. ಯಾರೂ ಇಳಿಯೂದಿಲ್ಲ. ಡ್ರೈವರ್ ಸೀಟ್ನಲ್ಲೂ ಯಾರೂ ಕಾಣೂದಿಲ್ಲ. ಒಳಗಿಂದ ಯಾರೋ ನೋಡ್ತೇ ಇರ್ತ್ರು, ನಂಗೆ ಗೊತ್ತಾಗ್ತದೆ. ಒಬ್ಬಂಟಿ ಹೆಂಗ್ಸು ನಾನು. ಸೋಮವಾರ ಆತು ಅಂದ್ರೆ ಅನ್ನ ಸೇರೂದಿಲ್ಲ."

"ಪಾಪ, ಒಲೆ ಹತ್ರ ಕತ್ತಿ ಇಟ್ಕಂಡು ಕೂತ್ಕಳ್ತದೆ ಇದು" ಅಂದಳು ಶಾರದವ್ವ. "ನಾ ಬಂದು ಕೂರೂದೂ ಅದ್ಕೇ. ಠಾಣೆಗೆ ಹೇಳು ಹೇಳು ಹೇಳಿ ನಾನೇ ಒತ್ತಾಯ ಮಾಡಿದ್ದು."

ನಂದನನ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು. ಮೊದಲು ಅವನಿಗೆ ಅರ್ಥವಾಗಲಿಲ್ಲ, ಇವರು ಇನ್ನಾವುದೋ ಗಾಡಿಯ ಮಾತಾಡುತ್ತಿದ್ದಾರೆ ಅನ್ನಿಸಿತು. ಆಮೇಲೆ ಒಂದೊಂದೇ ಅರ್ಥವಾಯಿತು. ಆ ಕಡೆ ಹಾಕಿಕೊಂಡ ಮುಖ. ಕತ್ತಿ. ಜೊತೆಗೆ ಬಂದ ಶಾರದವ್ವ, ತಾನು ಒಯ್ದ ಸಿಹಿ. ಇಷ್ಟು ದಿನ ಅವನು ಪ್ರೀತಿಯೆಂದು ತಿಳಿದು ಮಾಡಿದ್ದು ಇದನ್ನು. ತನ್ನನ್ನು ಎತ್ತಿ ಆಡಿಸಿದವಳನ್ನು ವಾರಕ್ಕೊಂದು ದಿನ ಹೆದರಿಸಿ, ಅವಳು ಹೆದರುವುದನ್ನೇ ನೋಡುತ್ತ ಊಟ ಮಾಡಿದ್ದ. ಹೆಂಗಸರ ಭದ್ರತೆಗಾಗಿ ಈ ನಿಯಮ ಎಂದು ಪಾಠದಲ್ಲಿ ಒಂದು ಸಾಲು ಬರುತ್ತದೆ, ಯಾವತ್ತೂ ಅದನ್ನು ಓದಿ ಮುಂದೆ ಹೋಗಿದ್ದ.

ಹಿಂದಿನ ಗಾಜಿಗೆ ಕೈಯಿಂದ ತಿರುಗಿಸುವ ಹಿಡಿ. ಎರಡು ಬೆರಳು ಹಿಡಿಸುವಷ್ಟು ಇಳಿಸಿ, ತಲೆ ತಗ್ಗಿಸಿ, ಪಿಸುದನಿಯಲ್ಲಿ, "ಸರ್, ಆ ಹೆಂಗಸ್ರನ್ನ ಸ್ವಲ್ಪ ಆಚೆ ಕಳ್ಸಿ. ಎಲ್ಲಾ ಹೇಳ್ತೆ" ಅಂದ.

"ಆಕಿನ್ನ ಹೆದರಿಸಿ, ಈಗ ಆಕಿನ್ನ ಆಚೆ ಕಳಸು ಅಂತೀರೇನು?" ಮಧುಕೇಶ್ವರನ ದನಿ ಏರಿತು. "ಮುಖ ತೋರಸ್ರಿ ಮೊದಲ. ಆಕಿ ಗುರ್ತ ಹಿಡೀಲಿ. ಇಲ್ಲಾಂದ್ರ ಗಾಜ ಏರಿಸ್ಕೊಂಡು ಹಂಗ ಠಾಣೆಗೆ ನಡೀರಿ, ಅಲ್ಲಿ ತೋರಸೂವಂತ್ರಿ. ಯಾವ್ದು ಮಾಡ್ತೀರಿ ಹೇಳ್ರಿ."

ದಾರಿ ತಾನಾಗಿ ಎದುರಿಗೆ ಬಂದಿತ್ತು. ಹಾಗೇ ಠಾಣೆಗೆ ಹೋದರೆ ಮುಗಿಯಿತು. ಅಲ್ಲಿ ಹೆಸರು ಹೇಳಿ, ದಂಡ ಕಟ್ಟಿ, ಫಿಲ್ಮು ಸುಲಿಸಿಕೊಂಡು, ಇನ್ನು ಈ ಕಡೆ ಬರುವುದಿಲ್ಲ ಎಂದು ಕೈಮುಗಿದು ಶಿರಸಿಗೆ ಹೋಗಬಹುದು. ಅಕ್ಕನ ಆಣೆ ಉಳಿಯುತ್ತದೆ, ಅಕ್ಕನ ಕಣ್ಣು ಉಳಿಯುತ್ತದೆ. ಆದರೆ ಒಳಗಿದ್ದವನು ಯಾರೆಂದು ಅವಳಿಗೆ ಯಾವತ್ತೂ ತಿಳಿಯುವುದಿಲ್ಲ. ಈ ಗಾಡಿ ಹೋದರೆ ಇನ್ನೊಂದು ಗಾಡಿ, ಮರದ ಕೆಳಗೆ ಯಾವನೋ ಉಚ್ಚೆಗೆ ನಿಲ್ಲಿಸಿದರೂ ಅವಳ ಕೈ ಕತ್ತಿಗೆ ಹೋಗುತ್ತದೆ. ಮುಖ ತೋರಿಸಿದರೆ ಹೆದರಿಕೆ ಹೋಗುತ್ತದೆ, ಆಣೆ ಮುರಿಯುತ್ತದೆ. ಕಲ್ಲಿನ ಮಾತು, ಕಲ್ಲಿಗೇನು ಗೊತ್ತು ಎಂದು ಅವನ ಒಳಗಿನ ಡ್ರೈವಿಂಗ್ ಮೇಷ್ಟ್ರು ಹೇಳಿದ. ಕಣ್ಣು ಹೋದರೆ ನೀನು ಕೊಡುತ್ತೀಯಾ ಎಂದು ಇನ್ನೊಬ್ಬ ಕೇಳಿದ. ಲಾರಿಯೊಂದು ಹಾರನ್ನು ಬಾರಿಸುತ್ತ ತಿರುವು ಇಳಿಯಿತು. ಗಾಜಿನಾಚೆ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು, ಅವನನ್ನು ಕಂಡು ಅಲ್ಲ, ಅವನ ಪಿಸುದನಿಗೆ. ಹಾಗೆ ಅವಳು ಹಿಂದೆ ಸರಿದದ್ದನ್ನು ಅವನು ತಾಳಲಾರದೆ ಹೋದ.

ಹಿಡಿ ತಿರುಗಿಸಿದ. ಗಾಜು ಕಿರ್ರೆನ್ನುತ್ತ ಇಳಿಯಿತು. ಬಿಸಿಲು ಮೊದಲು ಹಣೆಗೆ, ಆಮೇಲೆ ಕಣ್ಣಿಗೆ ಬಿತ್ತು. ಅವನು ಕಣ್ಣು ಮುಚ್ಚಿಕೊಂಡುಬಿಟ್ಟ. ಮುಚ್ಚಬೇಕಾದವಳು ಅವಳು, ಮುಚ್ಚಿದವನು ತಾನು. ಗಾಜು ಪೂರ್ತಿ ಇಳಿದು ಹಿಡಿ ತಡೆಯಿತು. ಚಾದ ಒಲೆಯ ಹೊಗೆಯ ವಾಸನೆ ಬಂತು. ಎಷ್ಟು ಹೊತ್ತು ಹೀಗೆ ಕೂರುವುದು ಎಂದು ಕಣ್ಣು ಬಿಟ್ಟ. ಅಕ್ಕ ನೋಡುತ್ತಿದ್ದಳು. ಮುಖ ತಿರುಗಿಸಿರಲಿಲ್ಲ, ಸೆರಗು ಅಡ್ಡ ಹಿಡಿದಿರಲಿಲ್ಲ. ನೆಟ್ಟ ಕಣ್ಣಿನಿಂದ ಅವನ ಹಣೆ, ಅವನ ನರೆತ ಮೀಸೆ, ತುಟಿಗೆ ಅಂಟಿದ್ದ ರೊಟ್ಟಿಯ ಚೂರು, ಎಲ್ಲವನ್ನೂ ನೋಡುತ್ತಿದ್ದಳು. ಶಾರದವ್ವನ ತೋಳು ಬಿಟ್ಟಿದ್ದಳು. ಅವನ ಬಾಯಿಯಲ್ಲಿ ಅಕ್ಕ ಎಂಬ ಶಬ್ದ ಬಂದು ಹಲ್ಲಿನ ಹಿಂದೆ ನಿಂತಿತು.

"ಗುರ್ತ ಐತೇನವ್ವಾ?" ಎಂದು ಕೇಳಿದ ಮಧುಕೇಶ್ವರ.

ಅಕ್ಕ ಇನ್ನೊಂದು ಗಳಿಗೆ ನೋಡಿದಳು. "ಇಲ್ಲ" ಅಂದಳು.

"ಸರಿಯಾಗಿ ನೋಡ್ರಿ. ಸಂಬಂಧಿಕರೋ, ಜಾಗದ ತಕರಾರಿನವರೋ, ಯಾರಾದ್ರೂ..."

"ಯಾರೂ ಅಲ್ಲ. ನಂಗೊಬ್ಬ ತಮ್ಮ ಇದ್ದ ಸಾಯ್ಬ್ರೆ, ಸುಮಾರು ಇದೇ ವಯಸ್ಸು. ಇವ್ರು ಅಲ್ಲ. ಅವ ಹಿಂಗೆ ಅಡಗಿ ಕೂರೂವಂವ ಆಗಿರ್ಲಿಲ್ಲ." ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. "ಯಾರೋ ದಾರಿ ಮೇಲಿನವ್ರು. ನೆರಳಿಗೆ ನಿಲ್ಸ್ಕಂಡು ಉಣ್ತಿದ್ರು ಕಾಣ್ತದೆ. ನಾನೇ ಸುಮ್ಮನೆ ಹೆದರ್ಕಂಡೆ. ಬಿಟ್ಬಿಡಿ."

ಶಾರದವ್ವ ಅಕ್ಕನ ಮುಖವನ್ನೂ ಅವನ ಮುಖವನ್ನೂ ನೋಡಿದಳು. ನಂದನನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ನೋಡಿದ್ದು ತಮ್ಮನನ್ನಲ್ಲ, ದಾರಿ ಮೇಲಿನವರನ್ನು. ಕಲ್ಲಿಗೆ ಸುಳ್ಳಾಗಲಿಲ್ಲ, ಕಣ್ಣಿಗೆ ಕೇಡಾಗಲಿಲ್ಲ. ತಾನು ಎಷ್ಟೋ ದಿನ ತಲೆ ಕೆಡಿಸಿಕೊಂಡು ಹುಡುಕಿದ್ದಂಥ ಸಂದನ್ನು ಅಕ್ಕ ನಿಂತ ನಿಲುವಿನಲ್ಲಿ ಹುಡುಕಿದ್ದಳು. ಆದರೆ ಅಡಗಿ ಕೂರುವವನಲ್ಲ ಎಂಬ ಮಾತು ಒಳಗೆ ಹೋಗಿ ಕೂತಿತು, ಇಳಿಯಲಿಲ್ಲ. "ಕೆಳಗ ಬರ್ರಿ" ಎಂದು ಮಧುಕೇಶ್ವರ ಬಾಗಿಲು ತೆಗೆದ. ಹೆಸರು, ಊರು ಕೇಳಿದ. ಲೈಸೆನ್ಸು ನೋಡಿ, "ಡ್ರೈವಿಂಗ್ ಸ್ಕೂಲಾ? ನಿಮಗ ನಾವು ಹೇಳಿಕೊಡಬೇಕೇನ್ರಿ?" ಅಂದ. ದಂಡದ ಚೀಟಿ ಹರಿದುಕೊಟ್ಟು, ಎದ್ದಿದ್ದ ಮೂಲೆಗೆ ಬೆರಳು ಹಾಕಿ ಫಿಲ್ಮನ್ನು ಎಳೆದ. ಅದು ಅರ್ಧಕ್ಕೆ ಹರಿಯಿತು. ಉಳಿದ ಕಡೆ ಬ್ಲೇಡು ಹಾಕಿ ಕೆರೆಯಬೇಕಾಯಿತು. ನಂದನ ತಾನೂ ಉಗುರು ಹಾಕಿ ಕೆರೆದ. ಲಾರಿಯವರು ನಿಧಾನ ಮಾಡಿ ನೋಡಿಕೊಂಡು ಹೋದರು. ಗಾಜುಗಳು ಅಂಟು ಅಂಟಾಗಿ, ಗೀರುಬಿದ್ದು, ಒಳಗಿನ ಸೀಟು, ರೊಟ್ಟಿಯ ಗಂಟು, ನೀರಿನ ಬಾಟಲಿ ಎಲ್ಲ ಬೀದಿಗೆ ಕಾಣುವ ಹಾಗಾಯಿತು.

ರಸ್ತೆ ದಾಟಿದ್ದ ಅಕ್ಕ ಅಂಗಡಿಯಿಂದಲೇ ಕೂಗಿದಳು. "ಸಾಯ್ಬ್ರೆ, ಚಾ ಕುಡ್ದು ಹೋಗಿ. ಅವ್ರಿಗೂ ಹೇಳಿ. ಗಿರಾಕಿ ಯಾರಾದ್ರೂ ಗಿರಾಕಿಯೇ."

ಜೀಪಿಗೆ ಬೇರೆ ಕೆಲಸವಿತ್ತು, ಮಧುಕೇಶ್ವರ ಕೈ ಬೀಸಿ ಹೊರಟುಹೋದ. ನಂದನ ರಸ್ತೆಯ ಈಚೆ ನಿಂತೇ ಇದ್ದ. ಕಾಲು ಗಾಡಿಯ ಕಡೆ ಎಳೆಯುತ್ತಿತ್ತು. ಕಡೆಗೆ ದಾಟಿ ಹೋಗಿ ಬೆಂಚಿನ ತುದಿಯಲ್ಲಿ ಕೂತ. ಅಕ್ಕ ಚಾ ಸೋಸಿ, ಲೋಟವನ್ನು ಹಲಗೆಯ ಮೇಲಿಟ್ಟು, "ತಗಳ್ಳಿ" ಅಂದಳು. ಅವನಿಗೆ ಅವಳು ಯಾವತ್ತೂ ಬಹುವಚನ ಹಚ್ಚಿದವಳಲ್ಲ. ಅವನು ಲೋಟ ತೆಗೆದುಕೊಂಡ. ಬಿಸಿ ಬೆರಳಿಗೆ ಹತ್ತಿದರೂ ಕೆಳಗಿಡಲಿಲ್ಲ.

ಅಕ್ಕ ಬಾಣಲೆಯ ಕಡೆ ತಿರುಗಿ, ಜಾಲರಿ ಆಡಿಸುತ್ತ, ಶಾರದವ್ವನಿಗೆ ಹೇಳುವಂತೆ ಹೇಳಿದಳು. "ನನ್ನ ತಮ್ಮ ಯಾವತ್ತಾದ್ರೂ ಬಂದಿದ್ರೆ ಒಂದು ಮಾತು ಹೇಳೂದಿತ್ತು ಶಾರದವ್ವ. ಅವ್ವ ಅವತ್ತು ಯಾರನ್ನೂ ಬೈಲಿಲ್ಲ. ಕತ್ಲೆ ಆದ್ಮೇಲೂ ಒಳಗೆ ಬರೂದಿಲ್ಲ ಅಂತು. ಅವ ಬತ್ತ, ಕೆಲ್ಸ ಇರ್ತದೆ ಅವ್ನಿಗೆ, ಬಂದಾಗ ನಾ ತಯಾರಿರ್ಬೇಕು ಅಂತಿತ್ತು. ಹಂಗೇ ಹೇಳ್ತಾ ಹೇಳ್ತಾ ಹೋತು."

ಶಾರದವ್ವ, "ಅಯ್ಯೋ" ಅಂದಳು. ಎಣ್ಣೆ ಚುರ್ರೆಂದಿತು. ಬೈದಿದ್ದರೆ, ಶಪಿಸಿದ್ದರೆ, ಎಷ್ಟು ಚೆನ್ನಾಗಿತ್ತು ಎಂದು ನಂದನನಿಗೆ ಅನ್ನಿಸಿತು. ಎದ್ದು ಅವಳ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿದರೆ ತಮ್ಮನಾಗುತ್ತಾನೆ, ತಮ್ಮನಾದರೆ ಅವಳು ನೋಡಿದಂತಾಗುತ್ತದೆ. ದಾರಿ ಮೇಲಿನವನು ಯಾರ ಅವ್ವನಿಗಾಗಿಯೂ ಅಳುವುದಿಲ್ಲ. ಅವನು ಚಾ ಕುಡಿದ. ಗುಟುಕು ಗುಟುಕಾಗಿ, ಲೋಟ ಖಾಲಿಯಾಗುವ ತನಕ ಕುಡಿದ. ಖಾಲಿಯಾದ ಮೇಲೆ ಏಳಬೇಕು. ಎಲ್ಲ ಗಿರಾಕಿಗಳೂ ಹಾಗೇ ಏಳುತ್ತಾರೆ. ಅಕ್ಕ ತಿರುಗಿ ನೋಡಿದಳು, ಅವನ ಮುಖವನ್ನೂ ಖಾಲಿ ಲೋಟವನ್ನೂ.

"ಇನ್ನೊಂದು ಚಾ ಕೊಡಿ, ಅಮ್ಮ" ಅಂದ ನಂದನ.

ಅಕ್ಕ ಲೋಟಕ್ಕೆ ಕೈ ಚಾಚಿದಳು.